ಹಳೇ ಟೇಪ್‌ಗೆ ಹೊಸ ಫೋನು

ಕಬ್ಬಿನ ಹಂಗಾಮು ಶುರುವಾದರೆ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಉಳಿದ ದಿನಗಳಲ್ಲಿ ಫೋನಿನ ಮೆಮರಿ ತುಂಬಿದ್ದು, ಮಗನ ಮದುವೆಯ ಫೋಟೋ ಅಳಿಸಿಹೋಗಿದ್ದು, ಇಂಥವೇ ಹೆಚ್ಚು. ನವೆಂಬರ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯಿಂದ ಒಂದೇ ಕೇಳಿಕೆ: ಗಾಡಿಯ ಟೇಪ್‌ಗೆ ಮೊಬೈಲ್ ಕೂಡಿಸುವುದು ಹೇಗೆ? ಕೇಳುವವರಲ್ಲಿ ಟ್ರ್ಯಾಕ್ಟರ್ ಡ್ರೈವರುಗಳಿದ್ದಾರೆ, ಹಳೇ ಓಮ್ನಿ ಇಟ್ಟುಕೊಂಡ ಮಾಸ್ತರರಿದ್ದಾರೆ, ಸಂತೆಯಿಂದ ಸಂತೆಗೆ ಟಂಟಂ ಓಡಿಸುವವರಿದ್ದಾರೆ. ಬಹಳ ಮಂದಿ ಕೇಳುವ ಮೊದಲೇ ಅರ್ಧ ನಿರ್ಧಾರ ಮಾಡಿಬಿಟ್ಟಿರುತ್ತಾರೆ, ಹಳೇ ಟೇಪ್ ಕಿತ್ತು ದೊಡ್ಡ ಸ್ಕ್ರೀನಿನದು ಹಾಕಿಸಬೇಕು ಅಂತ. ಬೇಡ ಅನ್ನುವುದಕ್ಕೇ ಈ ಬರಹ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಇಷ್ಟು ಯಾಕೆ ಅನ್ನುವುದಕ್ಕೆ ಧುಪದಾಳದ ಒಡ್ಡಿನ ಮೇಲೆ ನಿಂತರೆ ಉತ್ತರ ಸಿಗುತ್ತದೆ. ಘಟಪ್ರಭೆಗೆ ಬ್ರಿಟಿಷರು ಅಡ್ಡ ಕಟ್ಟಿದ ಈ ಒಡ್ಡು 1897ರದ್ದು. ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದ. ಹೊರಗಿನ ಮಂದಿ ಚಳಿಗಾಲದಲ್ಲಿ ಇಲ್ಲಿಗೆ ಹಕ್ಕಿ ನೋಡಲು ಬರುತ್ತಾರೆ. ನಮಗೆ ಮಾತ್ರ ಒಡ್ಡು ಅಂದರೆ ಕಾಲುವೆ, ಕಾಲುವೆ ಅಂದರೆ ಕಬ್ಬು. ಕಬ್ಬು ಬಂದಮೇಲೆ ಕಾರ್ಖಾನೆ ಬಂತು, ಅದರ ಬೆನ್ನಿಗೆ ಟ್ರ್ಯಾಕ್ಟರ್ ಬಂತು. ಎರಡು ಟ್ರೇಲರ್ ಡಬ್ಬಿ ತುಂಬ ಕಬ್ಬು ಹೇರಿಕೊಂಡು, ಕಾರ್ಖಾನೆಯ ತೂಕದ ಕಾಟಾದ ಮುಂದೆ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವ ಹುಡುಗನಿಗೆ ಹಾಡಿಲ್ಲದೆ ಹೊತ್ತು ಹೋಗುವುದಿಲ್ಲ. ಮಾಳು ನಿಪನಾಳ, ಬಾಳು ಬೆಳಗುಂದಿ ಅಂಥವರ ಜಾನಪದ ಹಾಡುಗಳು ಇಷ್ಟು ಓಡಿದ್ದರಲ್ಲಿ ಈ ಡ್ರೈವರುಗಳ ಪಾಲು ದೊಡ್ಡದು. ಹಾಡು ಇರುವುದು ಫೋನಿನಲ್ಲಿ, ಸ್ಪೀಕರ್ ಇರುವುದು ಗಾಡಿಯಲ್ಲಿ. ಎರಡರ ನಡುವಿನ ಅಂತರ ಒಂದು ಮೊಳ. ಆ ಒಂದು ಮೊಳದಲ್ಲೇ ಎಲ್ಲ ತಕರಾರು.

ಕಾರಿನಲ್ಲಿ ಹಾಡು ಕೇಳುವ ಚಟಕ್ಕೆ ನೂರು ವರ್ಷ ತುಂಬುತ್ತ ಬಂತು. ಅಮೆರಿಕದ ಗಾಲ್ವಿನ್ ಅಣ್ಣತಮ್ಮಂದಿರು ಮೋಟೊರೋಲಾ ಹೆಸರಿನಲ್ಲಿ ಕಾರ್ ರೇಡಿಯೋ ಮಾರಿದ್ದು 1930ರಲ್ಲಿ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿದ್ದು 1963ರಲ್ಲಿ. ಆಮೇಲೆ ಸಿಡಿ, ಅದರ ಹಿಂದೆ ಪೆನ್‌ಡ್ರೈವ್, ಬ್ಲೂಟೂತ್. ಹೊಸದು ಬಂದಾಗೆಲ್ಲ ತಯಾರಕರು ಹಳೆಯದಕ್ಕೆ ಒಂದು ಬಾಗಿಲು ಬಿಟ್ಟೇ ಇದ್ದಾರೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಸ್ಟೀರಿಯೋದ ಮುಖ ಒರೆಸಿ ಸರಿಯಾಗಿ ನೋಡಿ. ಸಣ್ಣ ದುಂಡು ತೂತು ಇದ್ದು ಪಕ್ಕದಲ್ಲಿ ಆಕ್ಸ್ ಅಂತ ಬರೆದಿದೆಯೇ? ಯುಎಸ್‌ಬಿ ಕಿಂಡಿ ಇದೆಯೇ? ಕ್ಯಾಸೆಟ್ ಬಾಯಿ ಇದೆಯೇ? ಬರೀ ಎಫ್‌ಎಂ ರೇಡಿಯೋ ಇದೆಯೇ? ಇವುಗಳಲ್ಲಿ ಒಂದಿದ್ದರೂ ಫೋನಿನ ಹಾಡು ಒಳಗೆ ಹೋಗುತ್ತದೆ. ಯಾವ ದಾರಿಯೂ ಇಲ್ಲದ್ದು ಅಂದರೆ ಮೀಡಿಯಂ ವೇವ್ ಮಾತ್ರ ಹಿಡಿಯುವ ಬಹಳ ಹಳೇ ಕಾರ್ ರೇಡಿಯೋ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಹಿಡಿಯಲೆಂದೇ ಹುಟ್ಟಿದಂಥದ್ದು. ಅದನ್ನು ಹಾಗೇ ಬಿಡಿ, ಚಂದಕ್ಕಿರಲಿ.

ದುಂಡು ತೂತಿದ್ದವರು ಪುಣ್ಯವಂತರು. ಆಕ್ಸ್ ವೈರಿನ ದಾರಿ ಎಲ್ಲಕ್ಕಿಂತ ನೆಟ್ಟಗಿನದು. 3.5 ಮಿಲಿಮೀಟರಿನ ಆ ಕಡ್ಡಿಯ ತುದಿಯಲ್ಲಿ ಎಡ ಸ್ಪೀಕರಿನ ದನಿ, ನಡುವಿನ ಬಳೆಯಲ್ಲಿ ಬಲಗಡೆಯದು, ಬುಡದಲ್ಲಿ ಎರಡಕ್ಕೂ ಸೇರಿದ ಅರ್ತಿಂಗ್. ಕಡ್ಡಿಯ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ. ಎರಡು ಗೆರೆ ಇದ್ದರೆ ಹಾಡಿನ ವೈರು, ಮೂರು ಇದ್ದರೆ ಮೈಕೂ ಸೇರಿದ ಇಯರ್‌ಫೋನಿನ ಜಾತಿ. ಸ್ಟೀರಿಯೋಗೆ ಬೇಕಾದ್ದು ಎರಡು ಗೆರೆಯದು. ಮೂರು ಗೆರೆಯದನ್ನು ಹಾಕಿದರೆ ಕೆಲವು ಸ್ಟೀರಿಯೋಗಳಲ್ಲಿ ಹಾಡುವವರ ದನಿ ಬಾವಿಯೊಳಗಿಂದ ಬಂದಂತಾಗಿ, ಬರೀ ಹಿಮ್ಮೇಳ ಕೇಳುತ್ತದೆ. ಅರ್ತಿಂಗ್ ಸರಿಯಾಗಿ ಕೂಡದಾಗ ಎಡಬಲಗಳಲ್ಲಿ ಸಮನಾಗಿರುವ ದನಿ ಒಂದನ್ನೊಂದು ಕಳೆದುಬಿಡುತ್ತದೆ. ಗಾಯಕರ ದನಿ ಎರಡೂ ಕಡೆ ಸಮನಾಗಿರುವುದರಿಂದ ಮೊದಲು ಅವರೇ ಮಾಯ. ಸ್ಪೀಕರ್ ಕೆಟ್ಟಿತೆಂದು ಹೊಸ ಸ್ಪೀಕರ್ ಹಾಕಿಸಿದವರನ್ನು ಕಂಡಿದ್ದೇನೆ. ಕೆಟ್ಟಿದ್ದು ಚಿಲ್ಲರೆ ಬೆಲೆಯ ವೈರು. ಟ್ರ್ಯಾಕ್ಟರಿನಲ್ಲಿ ಆ ತೂತಿನೊಳಗೆ ಧೂಳು, ಕಬ್ಬಿನ ರವದಿಯ (ಒಣ ಗರಿಯ) ಪುಡಿ ಕೂತು ಕರಕರ ಅನ್ನುವುದೂ ಉಂಟು. ಪಿನ್ನು ಹಾಕಿ ಕೆದಕಬೇಡಿ. ಇಲೆಕ್ಟ್ರಿಕ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಹನಿ ಬಿಟ್ಟು, ಕಡ್ಡಿಯನ್ನು ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿದರೆ ಸಾಕು.

ಫೋನಿನಲ್ಲೇ ಈಗ ಆ ತೂತಿಲ್ಲವಲ್ಲ ಅನ್ನುತ್ತೀರಿ. ಐಫೋನ್ 2016ರಲ್ಲಿ ಅದನ್ನು ಮುಚ್ಚಿತು. ಆಮೇಲೆ ದುಬಾರಿ ಫೋನುಗಳೆಲ್ಲ ಅದೇ ಹಾದಿ ಹಿಡಿದವು. ದುಡ್ಡು ಹೆಚ್ಚಾದಷ್ಟೂ ತೂತು ಕಡಿಮೆಯಾಗುವ ಈ ವ್ಯಾಪಾರ ನನಗಂತೂ ಸರಿಬಂದಿಲ್ಲ. ಅದಕ್ಕೆ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ ಗೇಣುದ್ದದ ಕನ್ವರ್ಟರ್ ಬರುತ್ತದೆ. ಒಂದೇ ಎಚ್ಚರ: ಕೆಲವು ಕನ್ವರ್ಟರುಗಳೊಳಗೆ ಅಂಕಿಯನ್ನು ದನಿಯಾಗಿಸುವ ಡ್ಯಾಕ್ ಅನ್ನುವ ಚಿಪ್ ಇರುತ್ತದೆ, ಅಗ್ಗದವುಗಳಲ್ಲಿ ಬರೀ ತಂತಿ. ಬಹಳ ಫೋನುಗಳಿಗೆ ಚಿಪ್ ಇದ್ದದ್ದೇ ಬೇಕು. ಅಂಗಡಿಯಲ್ಲೇ ನಿಮ್ಮ ಫೋನಿಗೆ ಸಿಕ್ಕಿಸಿ, ಹಾಡು ಕೇಳಿ, ಆಮೇಲೆ ದುಡ್ಡು ಕೊಡಿ.

ಇನ್ನು ಎಲ್ಲರನ್ನೂ ಕಾಡುವ ತಕರಾರಿಗೆ ಬರೋಣ. ಘಟಪ್ರಭಾ ಸ್ಟೇಶನ್ನಿನ ಹತ್ತಿರ ಚಹಾದಂಗಡಿಯಲ್ಲಿ ಒಬ್ಬ ಡ್ರೈವರ್ ಹುಡುಗ ನನ್ನನ್ನು ಹಿಡಿದು ನಿಲ್ಲಿಸಿ ಹೇಳಿದ:

"ಕಾಕಾ, ಫೋನ್ ಚಾರ್ಜಿಂಗಿಗೆ ಹಾಕಿದ್ರ ಟೇಪಿನ್ಯಾಗ ಸಿಳ್ಳಿ ಹೊಡದಂಗ ಬರ್ತೈತ್ರಿ. ಎಕ್ಸಲೇಟರ್ ತುಳದಂಗೆಲ್ಲಾ ಸಿಳ್ಳಿನೂ ಏರ್ತೈತಿ. ಟೇಪ್ ಹೋತ್ರಿ ಅಂತಾನ ನಮ್ಮ ಫಿಟ್ಟರ್."

"ಚಾರ್ಜರ್ ಕಿತ್ತಿ ನೋಡಿದೇನು ತಮ್ಮಾ?"

"ಕಿತ್ರ ಬರೂದಿಲ್ರಿ."

"ಹಂಗಾರ ನಿನ್ನ ಟೇಪ್ ಗಟ್ಟಿ ಐತಿ."

ಅವನ ಮಾತಿನಲ್ಲೇ ರೋಗವೂ ಇತ್ತು, ಮದ್ದೂ ಇತ್ತು. ಎಂಜಿನ್ ಓಡುವಾಗ ಬ್ಯಾಟರಿ ತುಂಬುವುದು ಆಲ್ಟರ್‌ನೇಟರ್. ಅದು ಹುಟ್ಟಿಸುವುದು ಎಸಿ ಕರೆಂಟು. ಒಳಗಿನ ಡಯೋಡುಗಳು ಅದನ್ನು ಡಿಸಿ ಮಾಡುತ್ತವಾದರೂ ಪೂರ್ತಿ ಸಪಾಟಾಗುವುದಿಲ್ಲ, ಸಣ್ಣ ಅಲೆ ಉಳಿಯುತ್ತದೆ. ಎಂಜಿನ್ ಜೋರಾದರೆ ಅಲೆಗಳೂ ಒತ್ತೊತ್ತಾಗುತ್ತವೆ, ಅದಕ್ಕೇ ಸಿಳ್ಳೆ ಏರುವುದು. ಆದರೆ ಈ ಅಲೆ ಹಾಡಿನೊಳಗೆ ಹೇಗೆ ನುಗ್ಗಿತು? ಚಾರ್ಜರಿನ ಮೈನಸ್ ಗಾಡಿಯ ಬಾಡಿಗೆ ಒಂದು ಕಡೆ ಕೂಡಿದೆ. ಸ್ಟೀರಿಯೋದ ಮೈನಸ್ ಇನ್ನೊಂದು ಕಡೆ ಕೂಡಿದೆ. ಫೋನು ಚಾರ್ಜರಿಗೂ ಸಿಕ್ಕಿಕೊಂಡು ಆಕ್ಸ್ ವೈರಿಗೂ ಸಿಕ್ಕಿಕೊಂಡಾಗ ಈ ಎರಡು ಅರ್ತಿಂಗುಗಳ ನಡುವೆ ಒಂದು ಸುತ್ತು ಪೂರ್ತಿಯಾಗುತ್ತದೆ. ಬಾಡಿಯ ಎರಡು ಜಾಗಗಳ ನಡುವೆ ಇರುವ ಚೂರೇ ಚೂರು ವೋಲ್ಟೇಜ್ ವ್ಯತ್ಯಾಸ ಆ ಸುತ್ತಿನಲ್ಲಿ ಹರಿದು, ಹಾಡಿನ ವೈರಿನ ಬೆನ್ನೇರಿ ಸ್ಪೀಕರಿಗೆ ಬರುತ್ತದೆ. ಚಾರ್ಜರ್ ಕಿತ್ತರೆ ಸುತ್ತು ಮುರಿಯಿತು, ಸಿಳ್ಳೆ ನಿಂತಿತು.

ಮದ್ದು ಎರಡು ಬಗೆ. ಪುಕ್ಕಟೆಯದು: ಹಾಡು ಕೇಳುವಾಗ ಚಾರ್ಜಿಂಗ್ ಬೇಡ, ಇಲ್ಲವೇ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ. ಅದಕ್ಕೆ ಗಾಡಿಯ ಬಾಡಿಯ ಸಂಬಂಧವಿಲ್ಲವಾದ್ದರಿಂದ ಸುತ್ತು ಕೂಡುವುದಿಲ್ಲ. ದುಡ್ಡಿನದು: ಗ್ರೌಂಡ್ ಲೂಪ್ ಐಸೋಲೇಟರ್ ಅನ್ನುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆಕ್ಸ್ ವೈರಿನ ನಡುವೆ ಅದನ್ನು ಹಾಕಬೇಕು. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ದನಿ ತಂತಿಯಿಂದ ತಂತಿಗೆ ಹರಿಯದೆ ಅಯಸ್ಕಾಂತದ ಮೂಲಕ ದಾಟುತ್ತದೆ, ಅರ್ತಿಂಗಿನ ನಂಟು ಅಲ್ಲಿಗೆ ಕಡಿದುಹೋಗುತ್ತದೆ. ಬೇಸ್ ಒಂದು ಚೂರು ಸೊರಗಬಹುದು, ಟ್ರ್ಯಾಕ್ಟರಿನ ಗದ್ದಲದಲ್ಲಿ ಅದು ಯಾರಿಗೂ ತಿಳಿಯದು. ಚಾರ್ಜರ್ ಕಿತ್ತಮೇಲೂ, ಬರೀ ರೇಡಿಯೋ ಹಚ್ಚಿದಾಗಲೂ ಸಿಳ್ಳೆ ಬರುತ್ತಿದ್ದರೆ ಮಾತ್ರ ಬೇರೆ ಕಥೆ. ಆಗ ಸ್ಟೀರಿಯೋದ ಕಪ್ಪು ಅರ್ತಿಂಗ್ ವೈರಿನ ಬುಡ ಹುಡುಕಿ. ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿರುತ್ತಾರೆ. ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ಬಿಗಿದರೆ ಬಹುತೇಕ ಸರಿಹೋಗುತ್ತದೆ.

ಸಿಳ್ಳೆಯ ತಮ್ಮನಂಥದ್ದು ಸುಯ್ ಅನ್ನುವ ಶಬ್ದ. ಇದಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ಬಹಳ ಮಂದಿ ಫೋನಿನ ವಾಲ್ಯೂಮ್ ಅರ್ಧಕ್ಕಿಟ್ಟು ಸ್ಟೀರಿಯೋದ ಗುಂಡಿಯನ್ನು ಕೊನೆತನಕ ತಿರುವುತ್ತಾರೆ. ಒಡ್ಡಿನಲ್ಲಿ ನೀರು ಕಡಿಮೆ ಬಿಟ್ಟು ಹೊಲದ ತೂಬು ಎಷ್ಟು ತೆರೆದರೂ ಬರುವುದು ಕೆಸರೇ. ದಾರಿಯಲ್ಲಿ ಸೇರುವ ಗದ್ದಲವನ್ನೂ ಹಾಡನ್ನೂ ಸ್ಟೀರಿಯೋ ಒಂದೇ ಅಳತೆಯಲ್ಲಿ ದೊಡ್ಡದು ಮಾಡುತ್ತದೆ. ಫೋನಿನ ವಾಲ್ಯೂಮ್ ಮುಕ್ಕಾಲು ಮೀರಿ ಇಡಿ, ಆಮೇಲೆ ಸ್ಟೀರಿಯೋದಲ್ಲಿ ಬೇಕಾದಷ್ಟು ಏರಿಸಿ.

ತೂತೂ ಇಲ್ಲ, ಕಿಂಡಿಯೂ ಇಲ್ಲ, ಎಫ್‌ಎಂ ಮಾತ್ರ ಇದೆ ಅನ್ನುವವರಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ, ಹೆಬ್ಬೆಟ್ಟಿನ ಗಾತ್ರದ ಯಂತ್ರ. ಫೋನಿನ ಹಾಡನ್ನು ಬ್ಲೂಟೂತಿನಿಂದ ಪಡೆದು, ಗಾಡಿಯೊಳಗಷ್ಟೇ ಕೇಳುವ ಪುಟ್ಟ ರೇಡಿಯೋ ಸ್ಟೇಶನ್ನಿನಂತೆ ಬಿತ್ತರಿಸುತ್ತದೆ. ಅದರಲ್ಲಿ 88.3 ಅಂತ ಇಟ್ಟರೆ ಗಾಡಿಯ ರೇಡಿಯೋದಲ್ಲೂ 88.3 ಇಡಬೇಕು, ಅಷ್ಟೇ. ಪಟ್ಟಣದ ಜಾಣರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಅಳಿಯ, "ಮಾವಾ, ಅದೊಂದು ಡಬ್ಬಾ, ಗರಗರ ಬಿಟ್ಟು ಬ್ಯಾರೆ ಏನೂ ಕೇಳಂಗಿಲ್ಲ" ಅಂದಿದ್ದ. ಅವನ ಊರಿನ ಮಟ್ಟಿಗೆ ಅವನ ಮಾತು ಖರೆ. ಅಲ್ಲಿ 91.1, 92.7, 93.5, 98.3, 101.3, 102.9 ಹೀಗೆ ಸಾಲುಗಟ್ಟಿ ಸ್ಟೇಶನ್ನುಗಳು ಕೂತಿವೆ. ಎಫ್‌ಎಂ ರೇಡಿಯೋದ ಗುಣವೆಂದರೆ ಒಂದೇ ಜಾಗದಲ್ಲಿ ಎರಡು ದನಿ ಬಂದರೆ ಜೋರಿನದನ್ನು ಹಿಡಿದು ಮೆತ್ತಗಿನದನ್ನು ಹೊಸಕಿಬಿಡುತ್ತದೆ. ಕಿಲೋವ್ಯಾಟ್ ಗಟ್ಟಲೆ ಬಿತ್ತುವ ಸ್ಟೇಶನ್ನಿನ ಮುಂದೆ ಈ ಹೆಬ್ಬೆಟ್ಟಿನ ಯಂತ್ರದ ಆಟ ನಡೆಯುವುದಿಲ್ಲ.

ನಮ್ಮಲ್ಲಿ ಲೆಕ್ಕ ತಿರುಗಾಮುರುಗಾ. ಧುಪದಾಳದಲ್ಲಿ ನಿಂತು ರೇಡಿಯೋದ ಮುಳ್ಳು 87.5ರಿಂದ 108ರ ತನಕ ಓಡಿಸಿ, ಬಹುತೇಕ ಬಯಲು. ಬೆಳಗಾವಿಯ ಕೆಎಲ್‌ಇ ವೇಣುಧ್ವನಿ 90.4ರಲ್ಲಿದೆ, ಆದರೆ ಅದು ಆ ನಗರದ ಸಮುದಾಯ ಬಾನುಲಿ, ಇಷ್ಟು ದೂರಕ್ಕೆಂದು ಕಟ್ಟಿದ್ದಲ್ಲ. ನಗರದವರು ಬಯಸಿದರೂ ಸಿಗದ ಖಾಲಿ ಜಾಗ ನಮಗೆ ಪುಕ್ಕಟೆ ಬಿದ್ದಿದೆ. ಮೊದಲು ಟ್ರಾನ್ಸ್‌ಮಿಟರ್ ಕಿತ್ತಿಟ್ಟು, ಬರೀ ರೇಡಿಯೋದಲ್ಲಿ ಸುಯ್ ಅನ್ನುವ, ಯಾರ ಮಾತೂ ಕೇಳದ ಜಾಗ ಹುಡುಕಿ. ಅದರ ಆಚೆ ಈಚೆಯೂ ಖಾಲಿ ಇರಲಿ. ಅದೇ ನಂಬರನ್ನು ಟ್ರಾನ್ಸ್‌ಮಿಟರಿನಲ್ಲಿ ಇಡಿ. ಬೆಳಗಾವಿಗೋ ಕೊಲ್ಲಾಪುರಕ್ಕೋ ಹೊರಟರೆ ದಾರಿಯಲ್ಲಿ ಯಾವುದಾದರೂ ಸ್ಟೇಶನ್ ಆ ಜಾಗಕ್ಕೆ ಬಂದು ಕೂರಬಹುದು, ಆಗ ಬೇರೆ ನಂಬರ್. ಏರಿಯಲ್ ಮುರಿದ ಗಾಡಿಯವರು ಅದನ್ನು ರಿಪೇರಿ ಮಾಡಿಸಬೇಕೆಂದು ಒದ್ದಾಡುತ್ತಾರೆ. ಈ ಒಂದು ಕೆಲಸಕ್ಕೆ ಮುರಿದಿದ್ದೇ ಒಳ್ಳೆಯದು. ಹೊರಗಿನ ಸ್ಟೇಶನ್ನುಗಳು ಬಾರದೆ ಒಳಗಿನದು ಇನ್ನೂ ಚೊಕ್ಕ ಕೇಳುತ್ತದೆ. ರೈಲ್ವೆ ಗೇಟು ಬಿದ್ದು ಗಾಡಿಗಳು ಒತ್ತಾಗಿ ನಿಂತಾಗ, ಪಕ್ಕದ ಗಾಡಿಯವನೂ ಅದೇ ನಂಬರಿನಲ್ಲಿದ್ದರೆ ಅವನ ಭಜನೆ ನಿಮ್ಮಲ್ಲಿ, ನಿಮ್ಮ ಜಾನಪದ ಹಾಡು ಅವನಲ್ಲಿ ನುಗ್ಗುವ ತಮಾಷೆಯೂ ಉಂಟು. ಎಫ್‌ಎಂ ದಾರಿಯಲ್ಲಿ 15 ಕಿಲೋಹರ್ಟ್ಸ್‌ಗೂ ಮೇಲಿನ ಸಣ್ಣ ಸ್ವರ ಉಳಿಯುವುದಿಲ್ಲ ನಿಜ. ಐವತ್ತು ದಾಟಿದ ನನ್ನಂಥವರ ಕಿವಿಗೆ ಅದು ಹೇಗೂ ಕೇಳುವುದಿಲ್ಲ.

ಕ್ಯಾಸೆಟ್ ಬಾಯಿ ಇದ್ದವರಿಗೆ ಇನ್ನೊಂದು ಚಂದದ ದಾರಿ ಇದೆ. ಕ್ಯಾಸೆಟ್ಟಿನ ಆಕಾರದ್ದೇ ಒಂದು ಅಡಾಪ್ಟರ್, ಅದರಿಂದ ಹೊರಟ ವೈರು ಫೋನಿಗೆ. ಅದರೊಳಗೆ ಟೇಪಿನ ಸುರುಳಿ ಇರುವುದಿಲ್ಲ. ಸುರುಳಿ ತಾಗುವ ಜಾಗದಲ್ಲಿ ಒಂದು ಪುಟ್ಟ ಹೆಡ್ ಇರುತ್ತದೆ. ಫೋನಿನ ದನಿ ಅದರಲ್ಲಿ ಅಯಸ್ಕಾಂತದ ಏರಿಳಿತವಾಗುತ್ತದೆ. ಪ್ಲೇಯರಿನ ಹೆಡ್ ಎದುರಿಗೇ ಇರುವುದರಿಂದ ಸುರುಳಿ ಓಡುತ್ತಿದೆ ಎಂದೇ ತಿಳಿದು ಹಾಡುತ್ತದೆ. ಎಫ್‌ಎಂಗಿಂತ ಇದರ ದನಿ ಗಟ್ಟಿ. ಪ್ಲೇಯರಿನ ಹೆಡ್ ಒರೆಸಿದ್ದರೆ ಇನ್ನೂ ಚೊಕ್ಕ. ಮೆಕ್ಯಾನಿಕ್ಕು ಎಷ್ಟೇ ಒತ್ತಾಯಿಸಿದರೂ ಓಡುವ ಕ್ಯಾಸೆಟ್ ಪ್ಲೇಯರನ್ನು ಗುಜರಿಗೆ ಕೊಡಬೇಡಿ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇದೇ ಗೋಕಾಕ ಮೂಡಲಗಿ ಸೀಮೆಯವರು. ನಮ್ಮ ಕಡೆ ಮನೆಮನೆಯ ಟ್ರಂಕುಗಳಲ್ಲಿ ಪಾರಿಜಾತದ್ದು, ದೊಡ್ಡಾಟದ್ದು, ಡೊಳ್ಳಿನ ಪದದ್ದು, ಊರ ಭಜನೆಯದು ಅಂತ ಕೈಬರಹದ ಚೀಟಿ ಅಂಟಿಸಿದ ಕ್ಯಾಸೆಟ್ಟುಗಳು ಇನ್ನೂ ಇವೆ. ಎಷ್ಟೋ ಮೇಳಗಳ ದನಿ ಅವುಗಳಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಅವನ್ನು ಓಡಿಸುವ ಯಂತ್ರ ಈಗ ಹೆಚ್ಚಾಗಿ ಹಳೇ ಕಾರುಗಳಲ್ಲೇ ಉಳಿದಿದೆ. ಎಂಜಿನ್ ಬಂದ್ ಮಾಡಿ, ಗಾಜು ಏರಿಸಿ, ಕ್ಯಾಸೆಟ್ ಹಾಕಿ, ಸ್ಪೀಕರಿನ ಮುಂದೆ ಫೋನಿಟ್ಟು ರೆಕಾರ್ಡ್ ಮಾಡಿಕೊಂಡರೂ ಆದೀತು, ಏನೂ ಇಲ್ಲದ್ದಕ್ಕಿಂತ ಲೇಸು.

ಯುಎಸ್‌ಬಿ ಕಿಂಡಿಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲರಲ್ಲೂ ಇದೆ. ಪೆನ್‌ಡ್ರೈವ್ ಹಾಕಿದರೆ ಹಾಡುವ ಸ್ಟೀರಿಯೋ, ಅದೇ ಕಿಂಡಿಗೆ ಫೋನ್ ಸಿಕ್ಕಿಸಿದರೆ ಸುಮ್ಮನಿರುತ್ತದೆ, ಆಗ ಎರಡರಲ್ಲೊಂದು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಈಗಿನ ಆಂಡ್ರಾಯ್ಡ್ ಫೋನು ತನ್ನ ಮೆಮರಿಯನ್ನು ಪೆನ್‌ಡ್ರೈವಿನಂತೆ ತೆರೆದು ತೋರಿಸುವುದಿಲ್ಲ, ಕೇಳಿದ ಫೈಲನ್ನಷ್ಟೇ ಕೊಡುತ್ತದೆ. ಹಳೇ ಸ್ಟೀರಿಯೋಗೆ ಆ ಭಾಷೆ ಬಾರದು. ಫೋನಿನದೂ ತಪ್ಪಲ್ಲ, ಕಿಂಡಿಯದೂ ತಪ್ಪಲ್ಲ. ಹಾಡನ್ನು ಪೆನ್‌ಡ್ರೈವಿಗೇ ಹಾಕಿಸಿ. ಪೆನ್‌ಡ್ರೈವ್ ಎಫ್‌ಎಟಿ 32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಹಾಡು ಎಂಪಿ3 ಆಗಿರಬೇಕು. ನಮ್ಮ ಊರುಗಳ ಮೊಬೈಲ್ ಅಂಗಡಿಗಳಲ್ಲಿ ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುವ ಹುಡುಗರಿಗೆ ಇದೆಲ್ಲ ಬಾಯಿಪಾಠ. ಹಾಡುಗಳು ಅಕ್ಷರದ ಸಾಲಿನಲ್ಲಿ ಬಾರದೆ ಹಿಂದುಮುಂದಾಗಿ ಬರುವುದೇಕೆ ಅಂತ ಕೇಳುವವರಿದ್ದಾರೆ. ಬಹಳ ಸ್ಟೀರಿಯೋಗಳು ಕಾಪಿ ಮಾಡಿದ ಸಾಲಿನಲ್ಲೇ ನುಡಿಸುತ್ತವೆ. ಮೊದಲು ಯಾವುದು ಬೇಕೋ ಅದನ್ನು ಮೊದಲು ಕಾಪಿ ಮಾಡಿಸಿ.

ಬ್ಲೂಟೂತ್ ಇದ್ದವರಿಗೆ ನಾನು ಹೇಳಬೇಕಾದ್ದು ಕಡಿಮೆ. ಫೋನ್ ಬಂದರೆ ಸ್ಪೀಕರಿನಲ್ಲಿ ಕೇಳುತ್ತದೆ, ಹಾಡು ಮಾತ್ರ ಫೋನಿನಲ್ಲೇ ಹಾಡುತ್ತದೆ ಅನ್ನುವುದು ಸಾಮಾನ್ಯ ದೂರು. ಬ್ಲೂಟೂತಿನಲ್ಲಿ ಮಾತಿಗೊಂದು ದಾರಿ, ಹಾಡಿಗೊಂದು ದಾರಿ ಬೇರೆಬೇರೆ ಇವೆ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಸೆಟ್ಟಿಂಗಿಗೆ ಹೋಗಿ ಗಾಡಿಯ ಹೆಸರಿನ ಪಕ್ಕದ ಚಿಹ್ನೆ ಒತ್ತಿದರೆ ಎರಡಕ್ಕೂ ಬೇರೆಬೇರೆ ಗುಂಡಿಗಳು ಕಾಣುತ್ತವೆ. ಮೀಡಿಯಾ ಅನ್ನುವುದು ಬಂದ್ ಆಗಿದ್ದರೆ ಆನ್ ಮಾಡಿ. ಆ ಗುಂಡಿಯೇ ಕಾಣದಿದ್ದರೆ ನಿಮ್ಮ ಸ್ಟೀರಿಯೋ ಮಾತಿಗಷ್ಟೇ ಮಾಡಿದ್ದು, ಹಾಡಿಗೆ ಆಕ್ಸ್ ದಾರಿ ಹಿಡಿಯಿರಿ. ಸುಮಾರು ಹತ್ತು ಮೀಟರ್ ತನಕ ಬ್ಲೂಟೂತ್ ಮುಟ್ಟುವುದರಿಂದ, ಅಂಗಳದಲ್ಲಿ ಕಾರು ಚಾಲೂ ಮಾಡಿದ ಕೂಡಲೇ ಪಡಸಾಲೆಯಲ್ಲಿ ಕೂತ ಮಗಳ ಫೋನು ಕಾರಿಗೆ ಅಂಟಿಕೊಂಡು, ಅವಳ ಗೆಳತಿಯ ಮಾತು ಅಪ್ಪನ ಸ್ಪೀಕರಿನಲ್ಲಿ ಬಂದು ಮನೆಯಲ್ಲಿ ರಾದ್ಧಾಂತವಾದ ಪ್ರಸಂಗಗಳಿವೆ. ಬೇಡದ ಫೋನುಗಳನ್ನು ಪಟ್ಟಿಯಿಂದ ಅಳಿಸಿ. ಗಾಡಿ ಮಾರುವ ಮುಂಚೆಯಂತೂ ಮರೆಯದೆ ಎಲ್ಲವನ್ನೂ ಅಳಿಸಿ, ಬಹಳ ಸ್ಟೀರಿಯೋಗಳು ನಿಮ್ಮ ಫೋನ್‌ಬುಕ್ಕನ್ನು ತಮ್ಮೊಳಗೆ ಇಳಿಸಿಕೊಂಡಿರುತ್ತವೆ.

ವೈರಿಂಗ್ ವಿಷಯಕ್ಕೆ ಬಂದರೆ ನನ್ನ ದನಿ ಸ್ವಲ್ಪ ಬಿರುಸಾಗುತ್ತದೆ. ಸ್ಟೀರಿಯೋದ ಹಿಂದಿನ ಹಳದಿ ವೈರಿಗೆ ಸದಾ ಕರೆಂಟು ಬೇಕು, ಅದರಿಂದಲೇ ಗಡಿಯಾರ ಮತ್ತು ನೆನಪು. ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ. ಅವಸರದ ಫಿಟ್ಟರುಗಳು ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕಟ್ಟಿಬಿಡುತ್ತಾರೆ. ವಾರವಿಡೀ ನಿಂತ ಗಾಡಿಯ ಬ್ಯಾಟರಿ ಇಳಿದು ಕೂರಲು ಅದೂ ಒಂದು ಕಾರಣ. ಲಾರಿಯವರಲ್ಲಿ ಇನ್ನೊಂದು ರೂಢಿ: ಲಾರಿಯದು 24 ವೋಲ್ಟು, ಸ್ಟೀರಿಯೋದ್ದು 12. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಕರೆಂಟು ಎಳೆಯುತ್ತಾರೆ. ಹಾಡೇನೋ ಬರುತ್ತದೆ, ಆದರೆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಸದಾ ಅಜೀರ್ಣ. ಎರಡೂ ಬೇಗ ಸಾಯುತ್ತವೆ. 24ನ್ನು 12 ಮಾಡುವ ಕನ್ವರ್ಟರ್ ಹಾಕಿಸುವುದು ಹೊಸ ಬ್ಯಾಟರಿಗಿಂತ ಎಷ್ಟೋ ಅಗ್ಗ.

ಹೊಸ ಸ್ಟೀರಿಯೋದ ಡಬ್ಬದ ಮೇಲೆ 50 ವ್ಯಾಟು ನಾಲ್ಕು ಸ್ಪೀಕರಿಗೆ ಅಂತ ಬರೆದಿದ್ದನ್ನು ನಂಬಿ ದುಡ್ಡು ಕೊಡಬೇಡಿ. ಓಡುವ ಗಾಡಿಯಲ್ಲಿ ಸಿಗುವುದು 14 ವೋಲ್ಟಿನ ಆಸುಪಾಸು. ಅಷ್ಟರಲ್ಲಿ 4 ಓಮ್ ಸ್ಪೀಕರಿಗೆ ಸಾಮಾನ್ಯ ಸ್ಟೀರಿಯೋ ಚೊಕ್ಕವಾಗಿ ಕೊಡಬಲ್ಲದ್ದು 20 ವ್ಯಾಟಿನ ಸುತ್ತಮುತ್ತ. ಅದಕ್ಕಿಂತ ಹೆಚ್ಚು ಬೇಕಾದವರು ಬೇರೆ ಆಂಪ್ಲಿಫೈಯರ್ ಇಡುತ್ತಾರೆ, ಅದು ಬ್ಯಾಟರಿಯನ್ನು ಹೀರುತ್ತದೆ. 10 ಆಂಪಿಯರ್ ಎಳೆಯುವ ಆಂಪ್ಲಿಫೈಯರನ್ನು ಕಾಟಾದ ಸಾಲಿನಲ್ಲಿ ಎಂಜಿನ್ ಬಂದ್ ಮಾಡಿ 5 ತಾಸು ಹಚ್ಚಿದರೆ 50 ಆಂಪಿಯರ್ ಅವರ್ ಹೋಯಿತು. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಅದು ಅರ್ಧಕ್ಕೂ ಮೀರಿದ್ದು. ನಸುಕಿನಲ್ಲಿ ಸಾಲು ಮುಂದೆ ಸರಿಯುವಾಗ ಸೆಲ್ಫ್ ಹೊಡೆಯುವುದಿಲ್ಲ, ಹಿಂದಿನವರ ಬೈಗುಳ ಮಾತ್ರ ಹೊಡೆಯುತ್ತದೆ. ಮತ್ತೆ ಫ್ಯೂಜ್. ಆಂಪ್ಲಿಫೈಯರಿನ ದಪ್ಪ ವೈರಿಗೆ, ಬ್ಯಾಟರಿಯ ಪ್ಲಸ್ಸಿನಿಂದ ಗೇಣು ಅಂತರದೊಳಗೆ ಫ್ಯೂಜ್ ಇರಲೇಬೇಕು. ಆಂಪ್ಲಿಫೈಯರಿನ ಹತ್ತಿರ ಇದ್ದರೆ ಸಾಲದು. ನಡುದಾರಿಯಲ್ಲಿ ವೈರು ಉಜ್ಜಿ ಬಾಡಿಗೆ ತಾಗಿದರೆ ಕಾಯುವವರಿಲ್ಲ. ಸುತ್ತಲೂ ಒಣಗಿದ ರವದಿ ತುಂಬಿಕೊಂಡು ಓಡುವ ಗಾಡಿಯಲ್ಲಿ ಒಂದು ಕಿಡಿಗೆ ಎಷ್ಟು ಹೊತ್ತು ಬೇಕು?

ಇಲ್ಲಿತನಕ ಹೇಳಿದ್ದೆಲ್ಲ ಗಾಡಿಯೊಳಗಿನ ಹಾಡಿನ ಮಾತು. ಸೀಟಿನ ಹಿಂದೆ ಆಳೆತ್ತರದ ಸ್ಪೀಕರ್ ಡಬ್ಬಿ ಕಟ್ಟಿ, ಊರಿಗೇ ಹಾಡು ಹಂಚುತ್ತ ಹೋಗುವವರು, ಅದಕ್ಕೆ ಫೋನ್ ಹೇಗೆ ಕೂಡಿಸುವುದು ಅಂತ ಕೇಳಿದಾಗ ನಾನು ಉತ್ತರ ಕೊಟ್ಟಿಲ್ಲ. ಕೊಡುವುದೂ ಇಲ್ಲ. ಹಾಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಗದ್ದಲವೇ ಕಿವಿಗೆ ಭಾರ, ಅದರ ಮೇಲೆ ಕೇಳಬೇಕೆಂದರೆ ಹಾಡನ್ನು ಇನ್ನೂ ಏರಿಸಬೇಕು. ಕಿವಿಯ ಲೆಕ್ಕ ಕಟುವಾದದ್ದು: 85 ಡೆಸಿಬಲ್ಲಿನಲ್ಲಿ ದಿನಕ್ಕೆ 8 ತಾಸು ಇದ್ದರೆ ಅದೇ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬಲ್ಲಿಗೆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದೇ ತಾಸು. ಹಂಗಾಮಿನಲ್ಲಿ ನಮ್ಮ ಹುಡುಗರು ದಿನಕ್ಕೆ ಎಷ್ಟು ತಾಸು ಆ ಸೀಟಿನ ಮೇಲಿರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಮದುವೆಯಾಗುವ ವಯಸ್ಸಿಗೇ "ಆಂ? ಏನಂದ್ರಿ?" ಅನ್ನುವ ಡ್ರೈವರುಗಳನ್ನು ನಾನು ಮಾತಾಡಿಸಿದ್ದೇನೆ. ಕಿವಿಯೊಳಗಿನ ನರದ ಕೂದಲು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗಿನ 6ರ ತನಕ. ಧ್ವನಿವರ್ಧಕಕ್ಕೆ ಅನುಮತಿ ಬೇಕು. ಕಾನೂನಿಗಿಂತ ಹೆಚ್ಚಿನ ಮಾತೆಂದರೆ, ಎರಡು ಡಬ್ಬಿಯ ಹಿಂದೆ ಸಿಕ್ಕ ಬೈಕಿನವನು ಎಷ್ಟು ಹಾರ್ನ್ ಹೊಡೆದರೂ ಮುಂದಿನವನಿಗೆ ಕೇಳುವುದಿಲ್ಲ. ಕೇಳದೆ ಬಲಕ್ಕೆ ತಿರುಗಿಸಿದರೆ ಆಗುವುದೇನು ಅನ್ನುವುದನ್ನು ನಮ್ಮ ರಸ್ತೆಗಳಲ್ಲಿ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಡ್ರೈವರ್ ತಮ್ಮಂದಿರಲ್ಲಿ ಒಂದು ಕೇಳಿಕೆ. ಕಿವಿಯ ಹತ್ತಿರಕ್ಕೆ ಎರಡು ಸಣ್ಣ ಸ್ಪೀಕರ್ ಇಟ್ಟುಕೊಳ್ಳಿ, ದೂರದ ದೊಡ್ಡದಕ್ಕಿಂತ ಹತ್ತಿರದ ಸಣ್ಣದು ಚಲೋ ಕೇಳುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ದೊಡ್ಡ ಸ್ಪೀಕರಿನ ದುಡ್ಡಿನಲ್ಲಿ ಒಂದು ಪಾಲು ತೆಗೆದು ಹಿಂದಿನ ಕಬ್ಬಿನ ಡಬ್ಬಿಗೆ ಕೆಂಪು ರಿಫ್ಲೆಕ್ಟರ್ ಹಚ್ಚಿಸಿ. ಫೋನಿನಲ್ಲಿ ಹಾಡು ಬದಲಿಸುವುದಿದ್ದರೆ ಗಾಡಿ ನಿಲ್ಲಿಸಿ ಬದಲಿಸಿ. ಕಾಟಾದ ಸಾಲಿನಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.